ದಾರಿ ತೋರುವ ಮುಳ್ಳು, ಎಚ್ಚರಿಸುವ ಬಾವುಟ

ತಾನು ಏರಿ ಹಾರಬೇಕಾದ ವಿಮಾನವನ್ನು ತಾನೇ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಕಟ್ಟಿಕೊಳ್ಳುವವರು ಇದ್ದಾರೆಂದರೆ ನಮ್ಮ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದು ದೀರ್ಘಕಾಲದಿಂದ ಬೇರೂರಿರುವ ಹವ್ಯಾಸ. ೧೯೫೩ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಮಿಲ್ವಾಕಿ ನಗರದಲ್ಲಿ ಇಂತಹ ಹವ್ಯಾಸಿಗಳನ್ನು ಕೂಡಿಸಿ ಪ್ರಾಯೋಗಿಕ ವಿಮಾನಗಳ ಸಂಘವೊಂದನ್ನು ಸ್ಥಾಪಿಸಿದರು. ೧೯೭೦ರಿಂದೀಚೆಗೆ ಆಶ್‌ಕಾಶ್ ಎಂಬ ಊರಿನಲ್ಲಿ ನೆರೆಯುತ್ತ ಬಂದಿರುವ ಅದರ ಬೇಸಗೆಯ ಮೇಳಕ್ಕೆ ಸಾವಿರಾರು ವಿಮಾನಗಳು ಹಾರಿಬರುವುವು. ಕೆಲಸದ ಬಹುಭಾಗವನ್ನು, ಎಂದರೆ ಅರ್ಧಕ್ಕಿಂತ ಹೆಚ್ಚನ್ನು, ಹವ್ಯಾಸಿಯೇ ತನ್ನ ಕಲಿಕೆಗಾಗಿಯೋ ವಿನೋದಕ್ಕಾಗಿಯೋ ಮಾಡಿದ್ದಾದರೆ ಅಂತಹ ವಿಮಾನಕ್ಕೆ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿಯೊಡನೆ ಹಾರಲು ಆ ದೇಶದ ಕಾನೂನು ಅನುಮತಿ ನೀಡುವುದು. ಆರೆಗನ್ ಪ್ರಾಂತದ ವ್ಯಾನ್ಸ್ ಎಂಬ ಒಂದೇ ಕಂಪೆನಿಯ ಬಿಡಿಭಾಗಗಳಿಂದ ಹತ್ತು ಸಾವಿರಕ್ಕೂ ಮಿಕ್ಕ ವಿಮಾನಗಳು ಸಿದ್ಧವಾಗಿ ಆಕಾಶಕ್ಕೇರಿವೆ. ಇದನ್ನು ಮಕ್ಕಳಾಟವೆಂದು ಯಾರೂ ಹೇಳಲಾರರು.

ರೆಕ್ಕೆ, ಬಾಲ, ಎಂಜಿನ್ನುಗಳ ವಿಷಯದಲ್ಲಿ ಈ ಹವ್ಯಾಸಿಗಳು ತೋರುವ ಶ್ರದ್ಧೆಯನ್ನು ಮೆಚ್ಚದಿರಲಾಗದು. ಒಂದೊಂದು ರಿವೆಟ್ಟನ್ನೂ ಬೆರಳಾಡಿಸಿ ನೋಡುವರು. ಒಂದೊಂದು ಬೋಲ್ಟಿನ ಬಿಗಿತವನ್ನೂ ಅಳೆಯುವರು. ಲೋಹದ ದೋಷ ಕಣ್ಣಿಗೆ ಕಾಣುವುದು, ಕೈಗೆ ತಗಲುವುದು. ಆದರೆ ಉಪಕರಣ ಫಲಕದ ಹಿಂದೆ ಹಾಯುವ ಒಂದು ತೆಳು ತಂತಿಯ ದೋಷ ಹಾಗೆ ಕಾಣುವಂಥದಲ್ಲ. ಜಿಪಿಎಸ್ ಗ್ರಾಹಕದಿಂದ ಹೊರಟು, ದಾರಿ ತೋರುವ ಮುಳ್ಳಿಗೂ ಆಟೋಪೈಲಟ್ ಎಂಬ ಸ್ವಯಂಚಾಲಕ ಯಂತ್ರಕ್ಕೂ ಹೋಗುವ ತಂತಿ ಅದು. ಮುಳ್ಳು ಅಲುಗಾಡಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ಸುಲಭ. ಕೆಲಸ ಅಲ್ಲಿಗೆ ಅರ್ಧ ಮಾತ್ರ ಮುಗಿದಿರುವುದೆಂಬುದೇ ನಮ್ಮ ಅಭಿಪ್ರಾಯ. ವಿಮಾನ ಎಲ್ಲಿದೆ ಎಂಬುದನ್ನು ಒಯ್ಯುವ ತಂತಿಯು, ಆ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೂ ಒಯ್ಯಬೇಕು. ಒಯ್ಯದಿದ್ದರೆ ಅಂತಹ ಮುಳ್ಳು ಇಲ್ಲದಿರುವುದೇ ಮೇಲು.

ಈ ಮಾತನ್ನು ವಿವರಿಸುವ ಮೊದಲು ಜಿಪಿಎಸ್ ಕೆಲಸಮಾಡುವ ಬಗೆಯನ್ನು ಸಂಕ್ಷೇಪವಾಗಿ ನೆನೆಯಬೇಕು. ನೆಲದಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಸುಮಾರು ಮೂವತ್ತು ಉಪಗ್ರಹಗಳು ದಿನಕ್ಕೆ ಎರಡು ಬಾರಿಯಂತೆ ಭೂಮಿಯನ್ನು ಸುತ್ತುತ್ತಿರುವುವು. ಪ್ರತಿಯೊಂದರಲ್ಲಿಯೂ ಪರಮಾಣು ಗಡಿಯಾರವಿರುವುದು. ಪ್ರತಿಯೊಂದೂ ‘ನಾನು ಇಂತಹ ಕಡೆ ಇದ್ದೇನೆ, ಈಗ ವೇಳೆ ಇಷ್ಟಾಗಿದೆ’ ಎಂದು ಎಡೆಬಿಡದೆ ಸಾರುತ್ತಿರುವುದು. ಆ ರೇಡಿಯೋ ಸಂಕೇತವು ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಪಾಲು ಸಾಕು. ಎಷ್ಟು ತಡವಾಗಿ ಬಂದಿತೆಂಬುದರಿಂದ ಉಪಗ್ರಹ ಎಷ್ಟು ದೂರದಲ್ಲಿದೆಯೆಂದು ಗ್ರಾಹಕ ಲೆಕ್ಕಹಾಕುವುದು. ಇಂತಹ ನಾಲ್ಕು ದೂರಗಳು ದೊರೆತರೆ ಅಕ್ಷಾಂಶ, ರೇಖಾಂಶ, ಎತ್ತರ ಇವು ಮೂರೂ, ಜೊತೆಗೆ ಗ್ರಾಹಕದ ಸ್ವಂತ ಗಡಿಯಾರದ ತಪ್ಪೂ ತಿಳಿದುಬರುವುವು. ಗಡಿಯಾರದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಾದರೆ ದೂರದಲ್ಲಿ ೩೦೦ ಮೀಟರ್ ತಪ್ಪಾಗುವುದೆಂಬುದನ್ನು ನೆನೆದರೆ, ಈ ಏರ್ಪಾಡಿನ ಸೂಕ್ಷ್ಮತೆ ಎಂತಹದೆಂದು ಗೊತ್ತಾಗುವುದು. ೨೦೦೦ದ ಮೇ ತಿಂಗಳವರೆಗೆ ಅಮೆರಿಕದ ಸೈನ್ಯವು ನಾಗರಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಕೆಡಿಸಿಡುತ್ತಿದ್ದಿತು. ಆ ತೊಡಕನ್ನು ತೆಗೆದ ಮೇಲೆ ನೂರು ಮೀಟರಿನಷ್ಟಿದ್ದ ತಪ್ಪು ಕೆಲವೇ ಮೀಟರುಗಳಿಗೆ ಇಳಿಯಿತು.

ಹಿಂದೆ ದೊಡ್ಡ ವಿಮಾನಗಳ ಒಡೆಯರಿಗೂ ದುರ್ಲಭವಾಗಿದ್ದ ಈ ಜ್ಞಾನ ಇಂದು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಪೆಟ್ಟಿಗೆಯಲ್ಲಿ ಅಗ್ಗವಾಗಿ ದೊರೆಯುವುದು. ಹೀಗಿರುವಾಗ ಹವ್ಯಾಸಿ ಅದನ್ನು ತನ್ನ ಫಲಕಕ್ಕೆ ಜೋಡಿಸಬೇಕೆಂದು ಬಯಸುವುದು ಸಹಜವೇ. ಆದರೆ ಪೆಟ್ಟಿಗೆ ಮುಳ್ಳಿನೊಡನೆ ಮಾತಾಡಲು ಒಂದು ಭಾಷೆ ಬೇಡವೇ? ಹೆಚ್ಚಾಗಿ ಬಳಕೆಯಲ್ಲಿರುವ ಭಾಷೆ ಎನ್‌ಎಂಇಎ ೦೧೮೩ ಎಂಬುದು. ಅಮೆರಿಕದ ನೌಕಾ ಇಲೆಕ್ಟ್ರಾನಿಕ್ಸ್ ಸಂಘದವರು ದೋಣಿ, ಹಡಗುಗಳಿಗಾಗಿ ರಚಿಸಿದುದು. ಅಲ್ಲಿಂದ ಅದು ಆಕಾಶಕ್ಕೇರಿತು. ಇದರಲ್ಲಿ ಪ್ರತಿಯೊಂದು ಸುದ್ದಿಯೂ ಒಂದು ವಾಕ್ಯ. ಡಾಲರಿನ ಗುರುತಿನಿಂದ ಅದು ಮೊದಲಾಗುವುದು, ನಡುನಡುವೆ ಅಲ್ಪವಿರಾಮಗಳು, ಕೊನೆಯಲ್ಲಿ, ದಾರಿಯಲ್ಲಿ ಅಕ್ಷರ ಕೆಟ್ಟಿದ್ದರೆ ಕಂಡುಹಿಡಿಯಲು ತಾಳೆನೋಡುವ ಸಂಖ್ಯೆ. ಇವುಗಳಲ್ಲಿ ‘ಆರ್‌ಎಂಸಿ’ ಎಂಬ ವಾಕ್ಯವು ವೇಳೆ, ಸ್ಥಾನ, ವೇಗ, ಸಾಗುವ ದಿಕ್ಕು, ದಿನಾಂಕ ಇವನ್ನು ಹೇಳುವುದು. ‘ಆರ್‌ಎಂಬಿ’ ಎಂಬುದು, ಹೋಗಬೇಕಾದ ದಾರಿಯಿಂದ ಎಡಕ್ಕೋ ಬಲಕ್ಕೋ ಎಷ್ಟು ದೂರ ಸರಿದಿದ್ದೇವೆಂದು ಹೇಳುವುದು. ಮುಳ್ಳನ್ನು ಆಡಿಸಲು ಬೇಕಾದುದು ಮುಖ್ಯವಾಗಿ ಈ ಎರಡನೆಯ ವಾಕ್ಯವೇ.

ಈ ಎರಡು ವಾಕ್ಯಗಳಲ್ಲಿಯೂ ಒಂದು ಒಂಟಿ ಅಕ್ಷರವಿರುವುದು. ಅದು ಇಂಗ್ಲಿಷಿನ ‘ಎ’ ಆಗಿದ್ದರೆ ‘ನನ್ನ ಮಾತನ್ನು ನಂಬಬಹುದು’ ಎಂದರ್ಥ. ‘ವಿ’ ಆಗಿದ್ದರೆ ‘ನಂಬಬೇಡಿರಿ’ ಎಂದರ್ಥ. ಉಪಗ್ರಹಗಳು ಕಣ್ಮರೆಯಾದಾಗ ಕೆಲವು ಗ್ರಾಹಕಗಳು ಅಂಕಿಗಳ ಜಾಗವನ್ನು ಬರಿದಾಗಿ ಬಿಡುವುವು; ಕೆಲವು ಕೊನೆಯದಾಗಿ ತಿಳಿದಿದ್ದ ಸ್ಥಾನವನ್ನೇ ಮತ್ತೆ ಮತ್ತೆ ಹೇಳುವುವು. ಎರಡನೆಯ ಬಗೆಯಲ್ಲಿ ಅಂಕಿಗಳನ್ನು ನೋಡಿ ಏನೂ ತಿಳಿಯಲಾಗದು. ಆ ಒಂಟಿ ಅಕ್ಷರವೊಂದೇ ಸತ್ಯವನ್ನು ಹೇಳುತ್ತಿರುವುದು. ಅಂಕಿಗಳನ್ನು ಆರಿಸಿಕೊಂಡು ಅಕ್ಷರವನ್ನು ಬಿಟ್ಟುಬಿಡುವ ಯಂತ್ರವನ್ನು ಕಟ್ಟುವುದು ಬಹಳ ಸುಲಭ. ಮೇಜಿನ ಮೇಲೆ ಇಟ್ಟು ಪರೀಕ್ಷಿಸಿದಾಗ ಅದು ಚೆನ್ನಾಗಿಯೇ ನಡೆಯುವುದು. ಕಿಟಕಿಯಾಚೆ ಆಕಾಶ ತೆರೆದಿರುವಷ್ಟು ಕಾಲ ಅಕ್ಷರ ‘ಎ’ಯೇ ಆಗಿರುವುದಷ್ಟೆ.

ಈಗ ಮುಳ್ಳಿನ ಕಡೆಗೆ ತಿರುಗೋಣ. ಹಳೆಯ ಮಾದರಿಯ ಮಾರ್ಗದರ್ಶಕ ಮಾಪಕದಲ್ಲಿ ಒಂದು ನಿಟ್ಟಮುಳ್ಳು ಇರುವುದು. ವಿಮಾನ ಸರಿಯಾದ ದಾರಿಯ ಮೇಲಿದ್ದರೆ ಅದು ನಡುವೆ ನಿಲ್ಲುವುದು. ದಾರಿ ಎಡಕ್ಕೆ ಉಳಿದರೆ ಎಡಕ್ಕೆ, ಬಲಕ್ಕೆ ಉಳಿದರೆ ಬಲಕ್ಕೆ ಸರಿಯುವುದು. ೧೫೦ ಮಿಲಿವೋಲ್ಟಿನಷ್ಟು ಅಲ್ಪ ವಿದ್ಯುತ್ತು ಅದನ್ನು ಅಂಚಿನವರೆಗೂ ದೂಡಬಲ್ಲುದು. ಹಾಗಾದರೆ ವಿದ್ಯುತ್ತೇ ಬಾರದಿದ್ದರೆ ಮುಳ್ಳು ಎಲ್ಲಿ ನಿಲ್ಲುವುದು? ವಾಚಕರು ಒಂದು ಕ್ಷಣ ಯೋಚಿಸಬೇಕು. ಅದೂ ನಡುವೆಯೇ ನಿಲ್ಲುವುದು! ‘ನೀನು ದಾರಿಯ ಮೇಲೆ ಸರಿಯಾಗಿಯೇ ಇದ್ದೀಯೆ’ ಎಂದು ಹೇಳುವ ಮುಳ್ಳೂ, ‘ನನಗೆ ಏನೂ ತಿಳಿಯದು’ ಎಂದು ಹೇಳುವ ಮುಳ್ಳೂ ನೋಡಲು ಒಂದೇ. ತಂತಿ ಕಡಿದುಹೋದಾಗಲೇ ಮುಳ್ಳು ಅತ್ಯಂತ ಸಮಾಧಾನದಿಂದಿರುವುದು. ಮೋಡದ ನಡುವೆ, ಬೆಟ್ಟಗಳ ಮಗ್ಗುಲಲ್ಲಿ ಹಾರುತ್ತಿರುವ ಒಬ್ಬ ಮನುಷ್ಯನಿಗೆ ಇದಕ್ಕಿಂತ ಅಪಾಯಕರವಾದ ಸಮಾಧಾನ ಬೇರೊಂದಿಲ್ಲ.

ಈ ಮಾಪಕವನ್ನು ರಚಿಸಿದ ಹಿರಿಯ ಎಂಜಿನಿಯರುಗಳು ಇದನ್ನು ಬಲ್ಲವರಾಗಿದ್ದರು. ಅದಕ್ಕಾಗಿಯೇ ಅವರು ಮುಳ್ಳಿನ ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಬಾವುಟವನ್ನಿಟ್ಟರು. ಅದರ ರಚನೆಯಲ್ಲಿರುವ ಜಾಣ್ಮೆಯನ್ನು ಗಮನಿಸಬೇಕು. ದೋಷವಾದಾಗ ವಿದ್ಯುತ್ತು ಹರಿದು ಬಾವುಟ ಏಳುವಂತೆ ಅವರು ಮಾಡಲಿಲ್ಲ. ಏಕೆಂದರೆ ವಿದ್ಯುತ್ತೇ ಹೋಗಿಬಿಟ್ಟರೆ ಬಾವುಟವನ್ನು ಎಬ್ಬಿಸುವವರು ಯಾರು? ಅದಕ್ಕೆ ಬದಲಾಗಿ ಬಾವುಟವು ತನ್ನಷ್ಟಕ್ಕೆ ತಾನೇ ಕಣ್ಣಿಗೆ ಬೀಳುವಂತಿದ್ದು, ಗ್ರಾಹಕವು ‘ನಾನು ಸರಿಯಾಗಿದ್ದೇನೆ’ ಎಂದು ಪ್ರತ್ಯೇಕ ತಂತಿಯಲ್ಲಿ ವಿದ್ಯುತ್ತನ್ನು ಕಳುಹಿಸುತ್ತಿರುವಷ್ಟು ಕಾಲ ಮಾತ್ರ ಮರೆಗೆ ಸರಿದಿರುವಂತೆ ಮಾಡಿದರು. ಗ್ರಾಹಕ ಸತ್ತರೂ, ತಂತಿ ಕಡಿದರೂ, ಬ್ಯಾಟರಿ ಬರಿದಾದರೂ ಬಾವುಟ ಕಾಣಿಸುವುದು. ನಂಬಿಕೆಯನ್ನು ಕ್ಷಣಕ್ಷಣಕ್ಕೂ ಸಂಪಾದಿಸಬೇಕು, ಸಂಶಯವಾದರೋ ತಾನಾಗಿಯೇ ಬರುವುದು ಎಂಬ ನೀತಿ ಅದರಲ್ಲಿದೆ.

ದೊಡ್ಡ ವಿಮಾನಗಳ ಭಾಷೆಯಾದ ಆರಿಂಕ್ ೪೨೯ ಎಂಬುದರಲ್ಲಿಯೂ ಈ ನೀತಿಯೇ ಕಾಣುವುದು. ಅದರಲ್ಲಿ ಒಂದೊಂದು ಪದವೂ ೩೨ ಬಿಟ್ಟುಗಳದು. ಜಾಗ ಅಷ್ಟು ಇಕ್ಕಟ್ಟಾಗಿದ್ದರೂ ಎರಡು ಬಿಟ್ಟುಗಳನ್ನು, ಹೇಳುತ್ತಿರುವ ಸಂಖ್ಯೆ ಸರಿಯಾದುದೇ, ಲೆಕ್ಕಕ್ಕೆ ಸಿಗದುದೇ, ಪರೀಕ್ಷೆಯದೇ ಅಥವಾ ಯಂತ್ರವೇ ಕೆಟ್ಟಿದೆಯೇ ಎಂಬುದನ್ನು ತಿಳಿಸಲೆಂದೇ ಮೀಸಲಿಟ್ಟಿರುವರು. ಮತ್ತೊಂದು ಬಿಟ್ಟು, ದಾರಿಯಲ್ಲಿ ಪದ ಕೆಟ್ಟಿತೇ ಎಂದು ನೋಡಲು. ಜಾಣರು ತಮ್ಮ ಸಂಶಯಕ್ಕೆ ಜಾಗವನ್ನು ಮೊದಲೇ ಕಾದಿರಿಸಿದರು.

ಆದುದರಿಂದ ಹವ್ಯಾಸಿಗೆ ನಮ್ಮ ಮೊದಲನೆಯ ಸಲಹೆ ಇದು: ಮುಳ್ಳಿನ ತಂತಿಗಿಂತ ಮೊದಲು ಬಾವುಟದ ತಂತಿಯನ್ನು ಜೋಡಿಸಬೇಕು. ಜಿಪಿಎಸ್ ವಾಕ್ಯವನ್ನು ಮುಳ್ಳಿನ ವಿದ್ಯುತ್ತಾಗಿ ಮಾರ್ಪಡಿಸುವ ಪುಟ್ಟ ಯಂತ್ರವನ್ನು ತಾನೇ ಕಟ್ಟುವವನು, ‘ಎ’ ಅಕ್ಷರವನ್ನು ಕಂಡಾಗ ಮಾತ್ರ ಬಾವುಟವನ್ನು ಮರೆಗೆ ಸರಿಸುವಂತೆ ಅದನ್ನು ರಚಿಸಬೇಕು; ‘ವಿ’ ಬಂದರೂ, ತಾಳೆಯ ಸಂಖ್ಯೆ ಹೊಂದದಿದ್ದರೂ, ಎರಡು ಮೂರು ಸೆಕೆಂಡು ವಾಕ್ಯವೇ ಬಾರದಿದ್ದರೂ ಬಾವುಟ ಏಳಬೇಕು. ಕಣ್ಣಿಗೆ ಅಡ್ಡಬರುವುದೆಂದು ಬಾವುಟದ ತಂತಿಗೆ ನೇರವಾಗಿ ಬ್ಯಾಟರಿಯಿಂದ ವಿದ್ಯುತ್ತು ಕೊಟ್ಟು ಅದನ್ನು ಶಾಶ್ವತವಾಗಿ ಅಡಗಿಸಿಬಿಡುವುದು, ಕಾವಲುನಾಯಿಗೆ ಬಾಯಿ ಕಟ್ಟಿ ನಿದ್ರೆಹೋದಂತೆ. ಎಲ್ಲವನ್ನೂ ಜೋಡಿಸಿದ ಮೇಲೆ, ನೆಲದ ಮೇಲಿರುವಾಗಲೇ, ಆಂಟೆನಾವನ್ನು ಕಿತ್ತು ನೋಡಬೇಕು. ವಾಕ್ಯದ ತಂತಿಯನ್ನು ಕಿತ್ತು ನೋಡಬೇಕು. ಗ್ರಾಹಕವನ್ನು ಆರಿಸಿ ನೋಡಬೇಕು. ಮೂರು ಬಾರಿಯೂ ಬಾವುಟ ಎದ್ದಿತೇ? ಹಾಗಿದ್ದರೆ ಆ ಮುಳ್ಳು ಕಾಕ್‌ಪಿಟ್ಟಿನಲ್ಲಿ ಇರಲು ಯೋಗ್ಯವಾಯಿತು. ಮುಳ್ಳು ಆಡುವುದನ್ನು ನೋಡಿ ಸಂತೋಷಪಡುವುದು ಪರೀಕ್ಷೆಯಲ್ಲ; ಅದು ಸುಮ್ಮನಾದಾಗ ಏನು ಹೇಳುವುದೆಂದು ನೋಡುವುದೇ ಪರೀಕ್ಷೆ.

ಎರಡನೆಯ ಸಲಹೆ, ಯಾರ ಮಾತನ್ನು ಯಾರು ಕೇಳುತ್ತಿದ್ದಾರೆಂಬುದು ಸ್ಪಷ್ಟವಾಗಿರಬೇಕೆಂಬುದು. ಒಂದೇ ಮುಳ್ಳಿಗೆ ಜಿಪಿಎಸ್ಸನ್ನೂ ನೆಲದ ರೇಡಿಯೋ ನಿಲಯದ ಗ್ರಾಹಕವನ್ನೂ ಒಂದು ಸ್ವಿಚ್ಚಿನ ಮೂಲಕ ಜೋಡಿಸುವುದು ಸಾಮಾನ್ಯ ಪದ್ಧತಿ. ಸ್ವಯಂಚಾಲಕವೂ ಒಮ್ಮೆ ದಿಕ್ಕನ್ನು ಮಾತ್ರ ಹಿಡಿದು ಸಾಗುವುದು, ಮತ್ತೊಮ್ಮೆ ಮಾರ್ಗದರ್ಶಕ ಯಂತ್ರದ ಆಜ್ಞೆಯಂತೆ ಸಾಗುವುದು. ಈ ಭೇದವನ್ನು ಗಮನಿಸದಿದ್ದರೆ ಏನಾಗಬಹುದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಘೋರ ದೃಷ್ಟಾಂತವಿದೆ.

೧೯೮೩ರ ಸೆಪ್ಟೆಂಬರ್ ೧ರಂದು ಕೊರಿಯಾದ ಒಂದು ಬೋಯಿಂಗ್ ೭೪೭ ವಿಮಾನವು ಅಲಾಸ್ಕದ ಆಂಕರೇಜಿನಿಂದ ಸಿಯೋಲಿಗೆ ಹೋಗುತ್ತ, ನೂರಾರು ಕಿಲೋಮೀಟರ್ ದಾರಿತಪ್ಪಿ ಅಂದಿನ ಸೋವಿಯತ್ ದೇಶದ ಆಕಾಶವನ್ನು ಹೊಕ್ಕಿತು. ಸಖಾಲಿನ್ ದ್ವೀಪದ ಬಳಿ ಸೋವಿಯತ್ ಯುದ್ಧವಿಮಾನವು ಅದನ್ನು ಹೊಡೆದುರುಳಿಸಿತು. ಅದರಲ್ಲಿದ್ದ ೨೬೯ ಜನರೂ ಮಡಿದರು. ವಿಮಾನದಲ್ಲಿ ಉತ್ತಮವಾದ ಜಡತ್ವ ಮಾರ್ಗದರ್ಶಕ ಯಂತ್ರಗಳಿದ್ದುವು. ಹಾಗಿದ್ದೂ ದಾರಿ ತಪ್ಪಿದುದೇಕೆ? ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ೧೯೯೩ರಲ್ಲಿ ಮುಗಿಸಿದ ತನಿಖೆಯ ನಿರ್ಣಯ ಹೀಗಿದೆ: ಸ್ವಯಂಚಾಲಕವು ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗುವ ಸ್ಥಿತಿಯಲ್ಲಿಯೇ ಉಳಿದಿತ್ತು, ಇಲ್ಲವೆ, ಸ್ವಿಚ್ಚನ್ನು ತಿರುಗಿಸುವ ವೇಳೆಗೆ ವಿಮಾನವು ದಾರಿಯಿಂದ ೭.೫ ನಾಟಿಕಲ್ ಮೈಲಿಗಿಂತ ಆಚೆಗೆ ಸರಿದುಹೋಗಿ, ಯಂತ್ರ ಆ ದಾರಿಯನ್ನು ಹಿಡಿಯಲಾರದಾಗಿತ್ತು. ಮಾರ್ಗದರ್ಶಕ ಯಂತ್ರಕ್ಕೆ ಸರಿಯಾದ ದಾರಿ ತಿಳಿದಿತ್ತು. ಆದರೆ ಅದರ ಮಾತನ್ನು ಕೇಳುವವರಿರಲಿಲ್ಲ. ಕೇಳುತ್ತಿಲ್ಲವೆಂಬುದು ಚಾಲಕರ ಗಮನಕ್ಕೆ ಬರಲಿಲ್ಲ.

ಈ ದುರಂತ ನಡೆದ ಸುಮಾರು ಎರಡು ವಾರಗಳಲ್ಲಿಯೇ, ಜಿಪಿಎಸ್ ಸಿದ್ಧವಾದ ಮೇಲೆ ಅದನ್ನು ನಾಗರಿಕ ವಿಮಾನಗಳಿಗೂ ಒದಗಿಸಲಾಗುವುದೆಂದು ಅಮೆರಿಕದ ಅಧ್ಯಕ್ಷ ರೇಗನ್ನರ ಸರ್ಕಾರವು ಪ್ರಕಟಿಸಿತು. ಇಂದು ಹವ್ಯಾಸಿಯ ಕೈಯಲ್ಲಿರುವ ಪೆಟ್ಟಿಗೆಯ ಹಿಂದೆ ೨೬೯ ಜನರ ನೆನಪಿದೆಯೆಂದರೆ ತಪ್ಪಾಗದು. ಆದರೆ ಆ ದುರಂತದ ಪಾಠ, ಸ್ಥಾನವನ್ನು ಇನ್ನೂ ನಿಖರವಾಗಿ ತಿಳಿಯಬೇಕೆಂಬುದಷ್ಟೇ ಅಲ್ಲ. ಯಂತ್ರ ಯಾವ ಸ್ಥಿತಿಯಲ್ಲಿದೆಯೆಂಬುದು ಚಾಲಕನ ಕಣ್ಣಿಗೆ ನೇರವಾಗಿ ಕಾಣುತ್ತಿರಬೇಕೆಂಬುದು ಅದಕ್ಕಿಂತ ದೊಡ್ಡ ಪಾಠ. ಆದುದರಿಂದ ಸ್ವಿಚ್ಚು ಎಲ್ಲಿಯೇ ಇರಲಿ, ಅದರ ಸ್ಥಿತಿಯನ್ನು ತಿಳಿಸುವ ದೀಪ ಮುಳ್ಳಿನ ಪಕ್ಕದಲ್ಲಿಯೇ ಇರಬೇಕು. ಎರಡು ರೂಪಾಯಿಯ ದೀಪವೆಂದು ಅದನ್ನು ಕಡೆಗಣಿಸಬಾರದು.

ಮೂರನೆಯದಾಗಿ, ಒಂದರಂತೆ ಕಾಣುವ ಎರಡು ವಸ್ತುಗಳನ್ನು ಒಂದೇ ಎಂದು ತಿಳಿಯಬಾರದು. ಜಿಪಿಎಸ್ ಹೇಳುವ ವೇಗ ನೆಲದ ಮೇಲಿನ ವೇಗ. ರೆಕ್ಕೆಗೆ ಬೇಕಾದುದು ಗಾಳಿಯಲ್ಲಿನ ವೇಗ. ಹಿಂದಿನಿಂದ ೨೦ ನಾಟ್ ಗಾಳಿ ಬೀಸುತ್ತಿರುವಾಗ ಜಿಪಿಎಸ್ ೬೫ ನಾಟ್ ಎಂದು ತೋರಿದರೆ, ರೆಕ್ಕೆಗೆ ದೊರೆಯುತ್ತಿರುವುದು ೪೫ ಮಾತ್ರ. ಆ ವಿಮಾನವು ೫೦ ನಾಟಿಗಿಂತ ಕಡಿಮೆ ವೇಗದಲ್ಲಿ ಎತ್ತುವಿಕೆಯನ್ನು ಕಳೆದುಕೊಳ್ಳುವಂಥದಾಗಿದ್ದರೆ, ಆ ಅಂಕಿಯನ್ನು ವೇಗಮಾಪಕದ ಜಾಗದಲ್ಲಿ ತೋರಿಸಿದವನು ಚಾಲಕನನ್ನು ಕೊಂದಂತೆಯೇ. ಜಿಪಿಎಸ್ಸಿನ ಎತ್ತರವು ಲೆಕ್ಕದಿಂದ ಬಂದುದು; ಆಕಾಶದಲ್ಲಿ ವಿಮಾನಗಳು ಒಂದಕ್ಕೊಂದು ತಾಗದಂತೆ ಅಂತರ ಕಾಯ್ದುಕೊಳ್ಳುವುದು ಗಾಳಿಯ ಒತ್ತಡದಿಂದ ಅಳೆದ ಎತ್ತರದಲ್ಲಿ. ಜಿಪಿಎಸ್ ಹೇಳುವುದು ವಿಮಾನ ಸಾಗುತ್ತಿರುವ ದಿಕ್ಕು. ದಿಕ್ಸೂಚಿ ಹೇಳುವುದು ಅದರ ಮೂತಿ ತಿರುಗಿರುವ ದಿಕ್ಕು. ಅಡ್ಡಗಾಳಿಯಿದ್ದಾಗ ಇವೆರಡೂ ಬೇರೆ ಬೇರೆ. ಮುಳ್ಳಿನ ಅಳತೆಯೂ ಒಂದೇ ಸಮನಲ್ಲ. ಹಳೆಯ ಮಾದರಿಯ ವಿಮಾನ ಜಿಪಿಎಸ್‌ಗಳಲ್ಲಿ ಮುಳ್ಳು ಅಂಚಿಗೆ ಹೋದರೆ ದೂರದ ಪ್ರಯಾಣದಲ್ಲಿ ೫ ನಾಟಿಕಲ್ ಮೈಲಿ ಎಂದರ್ಥ, ಇಳಿಯುವ ವೇಳೆಯಲ್ಲಿ ೦.೩ ಎಂದರ್ಥ. ಈಗ ಯಾವ ಅಳತೆ ನಡೆಯುತ್ತಿದೆಯೆಂಬುದನ್ನು ಬರೆದು ತೋರಿಸದ ಮುಳ್ಳು, ಗುರುತುಗಳಿಲ್ಲದ ಅಳತೆಗೋಲಿನಂತೆ.

ಕಾಲದ ಮಾತೂ ಉಂಟು. ಎನ್‌ಎಂಇಎ ಭಾಷೆಯ ಮೂಲ ವೇಗ ಸೆಕೆಂಡಿಗೆ ೪,೮೦೦ ಬಿಟ್ಟುಗಳು, ಎಂದರೆ ಸುಮಾರು ೪೮೦ ಅಕ್ಷರಗಳು. ಒಂದು ವಾಕ್ಯಕ್ಕೆ ೮೨ ಅಕ್ಷರಗಳವರೆಗೆ ಅವಕಾಶವಿರುವುದರಿಂದ, ಐದಾರು ವಾಕ್ಯಗಳಲ್ಲಿ ಸೆಕೆಂಡೇ ತುಂಬಿಹೋಗುವುದು. ೧೨೦ ನಾಟ್ ವೇಗದ ವಿಮಾನವು ಅಷ್ಟರಲ್ಲಿ ೬೦ ಮೀಟರಿಗಿಂತ ಮುಂದೆ ಹೋಗಿರುವುದು. ನಿಧಾನವಾಗಿ ಸಾಗುವ ದೋಣಿಗೆ ಇದು ಲೆಕ್ಕವಲ್ಲ. ತಿರುವಿನಲ್ಲಿರುವ ವಿಮಾನದ ಸ್ವಯಂಚಾಲಕಕ್ಕೆ ಇದು ದೊಡ್ಡ ಲೆಕ್ಕ. ಬೇಡವಾದ ವಾಕ್ಯಗಳನ್ನು ನಿಲ್ಲಿಸಿ ಬೇಕಾದುವನ್ನೇ ಕಳುಹಿಸಿದರೆ ಈ ತೊಂದರೆ ಬಹಳಮಟ್ಟಿಗೆ ಪರಿಹಾರವಾಗುವುದು.

ಇಷ್ಟೆಲ್ಲ ಆದ ಮೇಲೆ, ಬಾವುಟ ಮರೆಯಲ್ಲಿದ್ದರೆ ಮುಳ್ಳನ್ನು ಕಣ್ಣುಮುಚ್ಚಿ ನಂಬಬಹುದೇ? ನಂಬಲಾಗದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿರುವುದು ಸುಮ್ಮನಲ್ಲ. ೨೦೦೪ರ ಜನವರಿ ೧ರಂದು ಒಂದು ಜಿಪಿಎಸ್ ಉಪಗ್ರಹದ ಪರಮಾಣು ಗಡಿಯಾರ ಕೆಟ್ಟಿತು. ಅದನ್ನು ನೆಲದವರು ಗುರುತಿಸಿ ‘ಅಸ್ವಸ್ಥ’ವೆಂದು ಸಾರುವ ವೇಳೆಗೆ ಕೆಲವು ಗಂಟೆಗಳೇ ಕಳೆದಿದ್ದುವು. ಇಂತಹ ಸಂದರ್ಭಕ್ಕಾಗಿ ವಿಮಾನದ ಗ್ರಾಹಕಗಳು ನಾಲ್ಕಕ್ಕೆ ಬದಲಾಗಿ ಐದು ಉಪಗ್ರಹಗಳನ್ನು ಹಿಡಿದು, ಅವುಗಳ ಮಾತು ಪರಸ್ಪರ ಹೊಂದುವುದೇ ಎಂದು ತಾಳೆನೋಡುವುವು. ಆರು ದೊರೆತರೆ ಸುಳ್ಳು ಹೇಳುವುದಾವುದೆಂದು ಕಂಡುಹಿಡಿದು ಅದನ್ನು ಹೊರಗಿಡಬಲ್ಲುವು. ದೋಣಿಗಾಗಿಯೋ ನಡೆದಾಡುವವರಿಗಾಗಿಯೋ ಮಾಡಿದ ಅಗ್ಗದ ಗ್ರಾಹಕಗಳಲ್ಲಿ ಈ ವಿಚಾರಣೆ ಇದ್ದೇ ಇರಬೇಕೆಂಬ ನಿಯಮವಿಲ್ಲ.

ಇದೇ ವಿಚಾರಣೆಯನ್ನು ನೆಲದಿಂದಲೇ ನಡೆಸುವ ಏರ್ಪಾಡೊಂದು ನಮ್ಮ ದೇಶದಲ್ಲಿಯೂ ಇದೆ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ರಚಿಸಿದ ‘ಗಗನ್’ ಅದರ ಹೆಸರು. ದೇಶದ ಬೇರೆ ಬೇರೆ ಕಡೆಗಳಲ್ಲಿರುವ ನಿಲಯಗಳು ಜಿಪಿಎಸ್ಸಿನ ತಪ್ಪನ್ನು ಅಳೆಯುವುವು. ಬೆಂಗಳೂರಿನ ಕುಂದಲಹಳ್ಳಿಯಲ್ಲಿರುವ ಕೇಂದ್ರದಲ್ಲಿ ಅದನ್ನು ಲೆಕ್ಕಹಾಕಿ, ಭೂಸ್ಥಿರ ಉಪಗ್ರಹಗಳ ಮೂಲಕ ವಿಮಾನಗಳಿಗೆ ತಿಳಿಸುವರು. ೨೦೧೩ರ ಕೊನೆಯಲ್ಲಿ ಮಾರ್ಗದ ಪ್ರಯಾಣಕ್ಕೂ, ೨೦೧೫ರಲ್ಲಿ ನೆಲಕ್ಕಿಳಿಯುವ ಮಾರ್ಗದರ್ಶನಕ್ಕೂ ಇದಕ್ಕೆ ಮಾನ್ಯತೆ ದೊರೆಯಿತು. ತಪ್ಪನ್ನು ತಿದ್ದುವುದು ಇದರ ಒಂದು ಕೆಲಸ. ‘ಈ ಉಪಗ್ರಹವನ್ನು ನಂಬಬೇಡಿರಿ’ ಎಂದು ಕೆಲವೇ ಸೆಕೆಂಡುಗಳಲ್ಲಿ ಎಚ್ಚರಿಸುವುದು ಇದರ ಇನ್ನೊಂದು ಕೆಲಸ. ಎರಡನೆಯದೇ ಹೆಚ್ಚಿನದೆಂದು ನಮಗೆ ತೋರುವುದು. ಅಷ್ಟು ದೂರದಿಂದ, ಅಷ್ಟು ವೆಚ್ಚದಿಂದ ಬಂದ ಎಚ್ಚರಿಕೆಯು ಫಲಕದ ಹಿಂದಿನ ಒಂದು ಗೇಣು ತಂತಿಯ ಕೊರತೆಯಿಂದ ಚಾಲಕನನ್ನು ಮುಟ್ಟದೆ ಹೋದರೆ ಅದಕ್ಕಿಂತ ವಿಷಾದಕರವಾದುದು ಏನಿದೆ?

ಉಪಗ್ರಹಗಳ ತಪ್ಪಲ್ಲದೆ ಮನುಷ್ಯರ ಕುಚೇಷ್ಟೆಯೂ ಉಂಟು. ಜಿಪಿಎಸ್ ಸಂಕೇತವು ನೆಲವನ್ನು ಮುಟ್ಟುವ ವೇಳೆಗೆ ಅದರ ಶಕ್ತಿ ಒಂದು ವ್ಯಾಟಿನ ಕೋಟಿ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ. ಜಾತ್ರೆಯ ಗದ್ದಲದಲ್ಲಿ ಪಿಸುಮಾತಿನಂತೆ ಅದನ್ನು ಅಡಗಿಸುವುದು ಸುಲಭ. ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದ ಜಿಪಿಎಸ್ ಏರ್ಪಾಡಿಗೆ, ಪಕ್ಕದ ಹೆದ್ದಾರಿಯಲ್ಲಿ ಓಡಾಡುವ ವಾಹನಗಳೊಳಗಿನ ಪುಟ್ಟ ತಡೆಯಂತ್ರಗಳಿಂದ ೨೦೦೯ರಿಂದ ತೊಂದರೆ ಕಂಡುಬಂದಿತು. ತನ್ನ ಓಡಾಟ ಯಜಮಾನನಿಗೆ ತಿಳಿಯದಿರಲೆಂದು ಅಂತಹುದನ್ನು ಇಟ್ಟುಕೊಂಡಿದ್ದ ಒಬ್ಬ ವಾಹನ ಚಾಲಕನಿಗೆ ೨೦೧೩ರಲ್ಲಿ ದಂಡವನ್ನು ವಿಧಿಸಲಾಯಿತು. ಅಡಗಿಸಿದಾಗಲಾದರೂ ಬಾವುಟ ಏಳುವುದು. ಅದಕ್ಕಿಂತ ಕೇಡಿನದು ಸುಳ್ಳು ಸಂಕೇತ. ೨೦೨೩ರ ಉತ್ತರಾರ್ಧದಿಂದ ಪಶ್ಚಿಮ ಏಷ್ಯಾದ ಆಕಾಶದಲ್ಲಿ, ಉಪಗ್ರಹದಂತೆಯೇ ನಟಿಸುವ ನೆಲದ ಪ್ರಸಾರಗಳು ದೊಡ್ಡ ವಿಮಾನಗಳನ್ನೇ ಮೋಸಗೊಳಿಸಿದುವು. ಆ ವರ್ಷದ ನವೆಂಬರಿನಲ್ಲಿ ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಈ ಬಗ್ಗೆ ಸುತ್ತೋಲೆಯನ್ನು ಹೊರಡಿಸಿತು. ಇಂತಹ ಮೋಸದಲ್ಲಿ ಅಕ್ಷರ ‘ಎ’ಯಾಗಿಯೇ ಇರುವುದು, ಬಾವುಟ ಮರೆಯಲ್ಲಿಯೇ ಇರುವುದು. ಆಗ ಕಾಪಾಡತಕ್ಕವು ಯಾವುವು? ಉಪಗ್ರಹದ ಹಂಗಿಲ್ಲದ ದಿಕ್ಸೂಚಿ, ಕೈಗಡಿಯಾರ, ತೊಡೆಯ ಮೇಲಿನ ನಕ್ಷೆ, ಕಿಟಕಿಯಾಚೆಯ ನದಿ ಮತ್ತು ರೈಲುದಾರಿ. ಇವನ್ನು ಮೂಲೆಗೆ ತಳ್ಳಿ ಫಲಕದಲ್ಲಿ ಒಂದೇ ಬಗೆಯ ಎರಡು ಗ್ರಾಹಕಗಳನ್ನು ಇಟ್ಟುಕೊಂಡರೆ ಇಬ್ಬರು ಸಾಕ್ಷಿಗಳು ದೊರೆತಂತಾಗದು. ಒಬ್ಬನ ಮಾತನ್ನೇ ಎರಡು ಬಾರಿ ಕೇಳಿದಂತಾಗುವುದು.

ಇದಕ್ಕೆ ಹವ್ಯಾಸಿಗಳು ಹೇಳಬಹುದಾದ ಉತ್ತರವನ್ನು ನಾವು ಊಹಿಸಬಲ್ಲೆವು. ‘ನಾವು ಬಿಸಿಲಿರುವಾಗ, ನೆಲ ಕಾಣುವಾಗ ಹಾರುವವರು, ಪ್ರಮಾಣಪತ್ರವಿಲ್ಲದ ಉಪಕರಣವನ್ನೂ ಇಟ್ಟುಕೊಳ್ಳಲು ಕಾನೂನೇ ನಮಗೆ ಅವಕಾಶ ಕೊಟ್ಟಿದೆ. ದೊಡ್ಡ ವಿಮಾನದ ನಿಯಮಗಳನ್ನು ನಮ್ಮ ಮೇಲೆ ಹೇರಿದರೆ ಈ ಹವ್ಯಾಸವೇ ಸತ್ತುಹೋಗುವುದು’ ಎಂದು ಅವರು ಹೇಳುವರು. ಇದರಲ್ಲಿ ಸತ್ಯವಿದೆ. ಈ ಸ್ವಾತಂತ್ರ್ಯದಿಂದಲೇ ಹವ್ಯಾಸಿಗಳು ಅಗ್ಗದಲ್ಲಿ ಹೊಸ ಉಪಕರಣಗಳನ್ನು ಪರೀಕ್ಷಿಸಿ ನೋಡಲು ಸಾಧ್ಯವಾಗಿದೆ. ಆ ಸ್ವಾತಂತ್ರ್ಯವನ್ನು ಕಸಿದುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಆದರೆ ಬಿಸಿಲಿನಲ್ಲಿ ಹೊರಟವನು ಮೋಡಕ್ಕೆ ಸಿಕ್ಕಿಬೀಳುವುದು ಅಪರೂಪವಲ್ಲ. ಅಲ್ಲದೆ ಕಟ್ಟಿದವನೇ ಎಂದೆಂದಿಗೂ ಹಾರಿಸುವನೆಂದಿಲ್ಲ. ವಿಮಾನ ಕೈ ಬದಲಾಯಿಸುವುದು. ಕಟ್ಟಿದವನಿಗೆ ತನ್ನ ಬಾವುಟದ ತಂತಿ ಜೋಡಿಸಿಲ್ಲವೆಂದು ಗೊತ್ತಿರುವುದು. ಕೊಂಡವನಿಗೆ ಅದು ಹೇಗೆ ಗೊತ್ತಾಗಬೇಕು?

ಗಾಯಕ ಜಾನ್ ಡೆನ್ವರ್ ಅವರ ಮರಣ ಇಲ್ಲಿ ನೆನಪಿಗೆ ಬರುವುದು. ೧೯೯೭ರ ಅಕ್ಟೋಬರ್ ೧೨ರಂದು ಅವರು ಕ್ಯಾಲಿಫೋರ್ನಿಯದ ಮಾಂಟೆರೇ ಕೊಲ್ಲಿಯ ಬಳಿ ಲಾಂಗ್-ಈಸಿ ಎಂಬ ಮಾದರಿಯ, ಬೇರೊಬ್ಬರು ಕಟ್ಟಿದ ವಿಮಾನವನ್ನು ಹಾರಿಸುತ್ತ ಬಿದ್ದು ಸತ್ತರು. ಒಂದು ಟ್ಯಾಂಕಿನಿಂದ ಮತ್ತೊಂದಕ್ಕೆ ಇಂಧನವನ್ನು ಬದಲಾಯಿಸುವ ಹಿಡಿಯು ಚಾಲಕನ ಎಡಭುಜದ ಹಿಂದೆ, ಕೈಗೆ ಸುಲಭವಾಗಿ ಎಟುಕದ ಜಾಗದಲ್ಲಿತ್ತು. ಅದರ ಮೇಲೆ ಗುರುತುಗಳಿರಲಿಲ್ಲ. ಇಂಧನದ ಮಟ್ಟವನ್ನು ತೋರುವ ಕೊಳವೆಗಳ ಮೇಲೂ ಗುರುತುಗಳಿರಲಿಲ್ಲ. ಇಂಧನವನ್ನು ಮೊದಲೇ ತುಂಬಿಸಿಕೊಳ್ಳದಿದ್ದುದೂ ಸೇರಿದಂತೆ ಹಲವು ಕಾರಣಗಳೊಡನೆ ಇವನ್ನೂ ತನಿಖೆಯವರು ಎಣಿಸಿದರು. ಅಲ್ಲಿ ಜಿಪಿಎಸ್ಸಿನ ಮಾತಿಲ್ಲ. ಆದರೆ ನೀತಿ ಒಂದೇ: ಕಟ್ಟಿದವನ ತಲೆಯಲ್ಲಿ ಮಾತ್ರ ಇರುವ ತಿಳಿವಳಿಕೆ ವಿಮಾನದೊಳಗೆ ಇದ್ದಂತಾಗುವುದಿಲ್ಲ, ಅದು ಫಲಕದ ಮೇಲೆ, ಎಲ್ಲರಿಗೂ ಕಾಣುವಂತೆ ಇರಬೇಕು. ಹವ್ಯಾಸಿ ಕಟ್ಟಿದ ವಿಮಾನವು ಸಾಮಾನ್ಯ ವಿಮಾನಗಳ ಸುರಕ್ಷಾ ನಿಯಮಗಳಿಗೆ ಒಳಪಟ್ಟುದಲ್ಲವೆಂದು ಪ್ರಯಾಣಿಕನಿಗೆ ತಿಳಿಸುವ ಫಲಕವೊಂದನ್ನು ಅಂತಹ ವಿಮಾನದಲ್ಲಿ ತೂಗಹಾಕಲೇಬೇಕೆಂದು ಅಮೆರಿಕದಲ್ಲಿ ನಿಯಮವಿದೆ. ಪ್ರಯಾಣಿಕನಿಗೆ ಸತ್ಯವನ್ನು ಹೇಳಲು ಒಪ್ಪಿದವನು ಚಾಲಕನಿಗೂ ಸತ್ಯವನ್ನು ಹೇಳಬೇಡವೇ?

ಇದೇ ಲಾಂಗ್-ಈಸಿ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ೧೯೮೦ರ ದಶಕದಲ್ಲಿ ಒಂದು ಹಗುರ ಸಂಶೋಧನಾ ವಿಮಾನವನ್ನು ಕಟ್ಟಿದರು. ಹವ್ಯಾಸಿಗಳಿಗಾಗಿ ಬರೆದ ನಕ್ಷೆಯಿಂದ ಪ್ರಯೋಗಾಲಯಗಳೂ ಕಲಿಯಬಲ್ಲುವೆಂಬುದಕ್ಕೆ ಇದು ನಿದರ್ಶನ. ಇಂದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ತರುಣರು ಚಾಲಕನಿಲ್ಲದ ಪುಟ್ಟ ವಿಮಾನಗಳನ್ನು ಕಟ್ಟುತ್ತ, ಇದೇ ಗ್ರಾಹಕಗಳನ್ನು, ಇದೇ ವಾಕ್ಯಗಳನ್ನು ಬಳಸುತ್ತಿರುವರು. ಗ್ರಾಹಕದಿಂದ ಬಂದ ವಾಕ್ಯದಲ್ಲಿ ಅಕ್ಷಾಂಶ, ರೇಖಾಂಶಗಳನ್ನು ಓದುವ ಮೊದಲು ಆ ಒಂಟಿ ಅಕ್ಷರವನ್ನು ಓದುವುದನ್ನು ಅವರು ಅಭ್ಯಾಸಮಾಡಿಕೊಳ್ಳಬೇಕು. ‘ತಿಳಿಯದು’ ಎಂದು ಹೇಳಬಲ್ಲ ಯಂತ್ರವೇ ‘ತಿಳಿದಿದೆ’ ಎಂದಾಗ ನಂಬಿಕೆಗೆ ಪಾತ್ರವಾಗುವುದು. ಅಂತಹ ಯಂತ್ರವನ್ನು ಕಟ್ಟಲು ಹೆಚ್ಚಿನ ಹಣ ಬೇಕಿಲ್ಲ. ಒಂದು ತಂತಿ, ಒಂದು ಬಾವುಟ, ಮತ್ತು ಅವನ್ನು ಜೋಡಿಸಬೇಕೆಂಬ ವಿವೇಕ ಇಷ್ಟು ಸಾಕು.